ಸಹಾಯ ಬೇಕು: ನಾಲ್ಕು ಮಕ್ಕಳ ಮನೆ, ಬಟ್ಟೆ ರಾಶಿ ಕರಗುತ್ತಲೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಮಗೆ ನಾಲ್ಕು ಮಕ್ಕಳು, ವಯಸ್ಸು 11, 8, 5 ಮತ್ತು 2. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ನಿನ್ನೆ ಬೆಳಿಗ್ಗೆ ಮೂರನೆಯವಳ ಒಂದು ಸಾಕ್ಸ್ ಹುಡುಕುವುದರಲ್ಲೇ 20 ನಿಮಿಷ ಹೋಯಿತು, ಕೊನೆಗೆ ಸೋಫಾ ಸಂದಿಯಲ್ಲಿ ಸಿಕ್ಕಿತು, ಅಷ್ಟರಲ್ಲಿ ದೊಡ್ಡವನ ಸ್ಕೂಲ್ ಬಸ್ ಹೊರಟೇ ಹೋಗಿತ್ತು, ಅವನು ಬ್ಯಾಗ್ ಹಾಕಿಕೊಂಡು ಬಾಗಿಲ ಹತ್ತಿರ ಸುಮ್ನೆ ನಿಂತಿದ್ದ. ನೋಡಿ ತುಂಬಾ ಬೇಜಾರಾಯಿತು.

ಆಟದ ಸಾಮಾನು ಅರ್ಧ ಎತ್ತಿಟ್ಟು ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ. ಅದರಿಂದ ನಿಜಕ್ಕೂ ಅನುಕೂಲ ಆಗಿದೆ, ಹರಡುವುದು ಕಮ್ಮಿ, ಆಡುವುದು ಜಾಸ್ತಿ. ಕೈಗೆ ಸಿಗದೇ ಇರುವುದು ಬಟ್ಟೆ ಮಾತ್ರ. ಒಣಗಿದ್ದನ್ನು ಮಡಚಲು ಆಗದೆ ಕುರ್ಚಿ ಮೇಲೆ ಗುಡ್ಡೆ ಬೀಳುತ್ತದೆ. ದೊಡ್ಡವನಿಗೆ ಗಿಡ್ಡ ಆಗಿದ್ದನ್ನು ತಮ್ಮನಿಗೆ ಆಗುತ್ತದೆ ಅಂತ ಎತ್ತಿಡುತ್ತೇನೆ, ಬೇಕಾದಾಗ ಎಲ್ಲಿಟ್ಟೆ ಅಂತ ನೆನಪೇ ಬರುವುದಿಲ್ಲ.

ಒಬ್ಬೊಬ್ಬರ ಬಟ್ಟೆ ಒಂದೊಂದು ದಿನ ಒಗೆದರೆ ಸುಲಭ ಆಗುತ್ತದಾ? ಸಾಕ್ಸ್ ಎಲ್ಲರದ್ದೂ ಒಂದೇ ಬುಟ್ಟಿಯಲ್ಲಿ ಬಾಗಿಲ ಹತ್ತಿರ ಇಟ್ಟವರು ಇದ್ದೀರಾ? 8 ವರ್ಷದ ಹುಡುಗನಿಗೆ ಯಾವ ಕೆಲಸ ಪೂರ್ತಿ ಒಪ್ಪಿಸಬಹುದು? ಬೈದು ಮಾಡಿಸಲು ನನಗೆ ಇಷ್ಟ ಇಲ್ಲ, ಅವರಿಗೂ ಇದು ನಮ್ಮ ಮನೆ ಅನ್ನಿಸಬೇಕು ಅಲ್ವಾ. ಮೂರು ನಾಲ್ಕು ಮಕ್ಕಳಿರುವವರು ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ, ದಯವಿಟ್ಟು ಬರೆಯಿರಿ.