ಯೆಜ್ಡಿ ಬ್ಲಾಕಿನೊಳಗೆ ಗೆರೆ ಬಿದ್ದಿದೆ: ಬೋರಿಂಗ್ ಮಾಡಿಸಲೋ, ಬ್ಲಾಕನ್ನೇ ಬದಲಿಸಲೋ?

ಕೇಳಿದವರು, ಹಾಸನ:

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ನನ್ನ ಕೈಗೆ ಬಂದು ಎರಡು ವರ್ಷವಾಯಿತು. ಹೋದ ಭಾನುವಾರ ಶಿರಾಡಿ ಇಳಿದು, ಗುಂಡ್ಯದಲ್ಲಿ ಕಾಫಿ ಕುಡಿದು, ವಾಪಸ್ ಘಾಟಿ ಹತ್ತುತ್ತಿದ್ದೆ. ಇದ್ದಕ್ಕಿದ್ದಂತೆ ಗಾಡಿ ಎಳೆಯದಾಯಿತು. ಕ್ಲಚ್ ಹಿಡಿಯುವಷ್ಟರಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡಿತು. ಅರ್ಧ ಗಂಟೆ ಆರಲು ಬಿಟ್ಟ ಮೇಲೆ ಕಿಕ್ ಇಳಿಯಿತು, ಸ್ಟಾರ್ಟ್ ಕೂಡ ಆಯಿತು. ಆದರೆ ಕಂಪ್ರೆಷನ್ ಇಲ್ಲ, ಪಿಸ್ಟನ್ ಸದ್ದು ಜಾಸ್ತಿ. ಬಿಚ್ಚಿ ನೋಡಿದರೆ ಬ್ಲಾಕಿನೊಳಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಗೋಡೆಯ ಮೇಲೆ, ಉದ್ದುದ್ದ ಗೆರೆಗಳು. ಒಬ್ಬ ಮೆಕ್ಯಾನಿಕ್ ಬೋರಿಂಗ್ (ಆ ಗೋಡೆ ಕೊರೆದು ಅಗಲ ಮಾಡಿ ದೊಡ್ಡ ಪಿಸ್ಟನ್ ಹಾಕುವುದು) ಅನ್ನುತ್ತಾರೆ, ಇನ್ನೊಬ್ಬರು ಹೊಸ ಬ್ಲಾಕ್ ಅನ್ನುತ್ತಾರೆ. ಮೂರನೆಯವರು ಎಮರಿ ಪೇಪರಿನಲ್ಲಿ ಉಜ್ಜಿ ರಿಂಗ್ ಹಾಕಿದರೆ ಸಾಕು ಅಂದರು. ಈ ಕೆಲಸ ಮಾಡಿಸಿದವರು ಯಾರಾದರೂ ಹೇಳಿ.

ಮೈಸೂರಿನಿಂದ ಒಬ್ಬರು:

ನಾನು ಈ ಕೆಲಸ ಎರಡು ಸಲ ಮಾಡಿಸಿದ್ದೇನೆ. ಎರಡನೆಯದು ನನ್ನ ದಡ್ಡತನಕ್ಕೆ. ಮೊದಲ ಸಲ ಸೀಜ್ ಆದಾಗ (ಪಿಸ್ಟನ್ ಕಚ್ಚಿಕೊಂಡಾಗ) ಬ್ಲಾಕ್ ಬಿಚ್ಚಿ ನೇರ ಬೋರಿಂಗ್‌ಗೆ ಕೊಟ್ಟೆ. ಹೊಸ ಪಿಸ್ಟನ್, ಹೊಸ ರಿಂಗ್, ಎಲ್ಲಾ ಚೆನ್ನಾಗಿತ್ತು. ಮುನ್ನೂರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಮತ್ತೆ ಸೀಜ್! ಗೆರೆ ಬಿತ್ತು ಅಂತ ಬೋರಿಂಗ್ ಮಾಡಿಸಿದೆನೇ ಹೊರತು ಯಾಕೆ ಬಿತ್ತು ಅಂತ ನೋಡಿರಲಿಲ್ಲ.

ಹಾಗಾಗಿ ಬ್ಲಾಕನ್ನು ಲೇತಿಗೆ ಒಯ್ಯುವ ಮೊದಲು ಪಿಸ್ಟನ್ ಕೈಯಲ್ಲಿ ಹಿಡಿದು ಬೆಳಕಿನಲ್ಲಿ ತಿರುಗಿಸಿ ನೋಡಿ. ಗೆರೆ ಎಲ್ಲಿದೆ ಅನ್ನುವುದೇ ಅರ್ಧ ಕಥೆ ಹೇಳುತ್ತದೆ. ಮುಂದೆ, ಸೈಲೆನ್ಸರ್ ಕಡೆ ಮಾತ್ರ ಇದ್ದರೆ ಶಾಖ ಜಾಸ್ತಿಯಾಗಿದೆ: ಆಯಿಲ್ ಸಾಲಲಿಲ್ಲ, ಅಥವಾ ಎಲ್ಲಿಂದಲೋ ಗಾಳಿ ನುಗ್ಗಿ ಪೆಟ್ರೋಲ್ ಮಿಶ್ರಣ ತೆಳುವಾಗಿದೆ. ಸುತ್ತ ನಾಲ್ಕು ಕಡೆ ಸಮನಾಗಿ ಇದ್ದರೆ ಪಿಸ್ಟನ್‌ಗೆ ಬಿಟ್ಟ ಸಂದು ಕಡಿಮೆ, ಇಲ್ಲವೇ ತಣ್ಣಗಿನ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ಹಿಂಡಿದ್ದೀರಿ. ಹಿಂದೆ, ಕಾರ್ಬುರೇಟರ್ ಕಡೆ ಮಬ್ಬಾಗಿ ಸವೆದಿದ್ದರೆ ಏರ್ ಫಿಲ್ಟರ್ ನೋಡಿ, ಧೂಳು ಹೋಗಿರುತ್ತದೆ. ಪಿಸ್ಟನ್ ಪಿನ್ನಿನ ನೇರಕ್ಕೆ ಒಂದೇ ಆಳವಾದ ಕಾಲುವೆ ಇದ್ದರೆ ಆ ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್ ಕಳಚಿಕೊಂಡಿದೆ. ಸರ್ಕ್ಲಿಪ್ ಎಷ್ಟು ಚೆನ್ನಾಗಿ ಕಂಡರೂ ಹಳೆಯದನ್ನು ಮತ್ತೆ ಹಾಕಬೇಡಿ.

ನನ್ನದು ಸೈಲೆನ್ಸರ್ ಕಡೆಯ ಗೆರೆ. ಎರಡನೇ ಸಲ ಎಂಜಿನ್ ಪೂರ್ತಿ ಬಿಚ್ಚಿದಾಗ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಬಲಗಡೆ ರಬ್ಬರ್ ಆಯಿಲ್ ಸೀಲ್ ಒಣಗಿ ಕಲ್ಲಾಗಿತ್ತು. ಎಡಗಡೆ, ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ಕಾರುತ್ತದೆ, ಊರಿಗೆಲ್ಲಾ ಗೊತ್ತಾಗುತ್ತದೆ. ಬಲಗಡೆಯದು ಹೋದರೆ ಸುಮ್ನೆ ಗಾಳಿ ಎಳೆದುಕೊಳ್ಳುತ್ತದೆ. ಹೊಗೆಯೂ ಇಲ್ಲ, ಸುಳಿವೂ ಇಲ್ಲ. ಒಂದೇ ಲಕ್ಷಣ: ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ದನಿ ಬೇಗ ಇಳಿಯುವುದಿಲ್ಲ.

ಇನ್ನೊಂದು. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದಿರಾ? ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆಗೇ ಆಯಿಲ್ ಬರಬೇಕು. ಪೆಟ್ರೋಲ್ ನಿಂತರೆ ಆಯಿಲ್ಲೂ ನಿಂತಿತು, ಚಕ್ರ ಮಾತ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಆಗಾಗ ಚೂರು ಆಕ್ಸಿಲರೇಟರ್ ಕೊಡಬೇಕು. ನಿಮ್ಮ ಅಪ್ಪನಿಗೆ ಇದು ಗೊತ್ತಿರುತ್ತದೆ, ಕೇಳಿ ನೋಡಿ.

ಹೊಸ ಬ್ಲಾಕ್ ಬಗ್ಗೆ ನನ್ನ ಅಭಿಪ್ರಾಯ: ಬೇಡ. ಇಲ್ಲಿಯ, ಮೈಸೂರಿನ ಯೆಜ್ಡಿ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಸಿಗುವ ಬ್ಲಾಕುಗಳಲ್ಲಿ ಕೆಲವು ಪರವಾಗಿಲ್ಲ, ಕೆಲವುಗಳ ಪೋರ್ಟ್ (ಗೋಡೆಯಲ್ಲಿ ಮಿಶ್ರಣ, ಹೊಗೆ ಓಡಾಡುವ ಕಿಂಡಿ) ಒರಟೊರಟು. ನಿಮ್ಮದು ಹಳೇ ಬೀಡು (ಎರಕದ ಕಬ್ಬಿಣ), ಬಿಸಾಡಬೇಡಿ.

ದಾವಣಗೆರೆಯಿಂದ, ಬೋರಿಂಗ್ ಕೆಲಸ ಮಾಡುವವರು:

ಸರ್, ಮೊದಲು ಒಂದು ವಿಷಯ. ನಿಮಗೆ ಕಾಣುತ್ತಿರುವುದೆಲ್ಲ ಗೆರೆ ಅಲ್ಲದೆಯೂ ಇರಬಹುದು. ಸೀಜ್ ಆದಾಗ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಬ್ಲಾಕಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅದನ್ನು ತೆಗೆದ ಮೇಲೇ ಗೋಡೆ ಏನಾಗಿದೆ ಅಂತ ಗೊತ್ತಾಗುವುದು. ನಿಮ್ಮದು ಬೀಡಿನ ಬ್ಲಾಕ್, ಆದ್ದರಿಂದ ಕಾಸ್ಟಿಕ್ ಸೋಡಾ ನೀರಿನಲ್ಲಿ ಬಟ್ಟೆ ಅದ್ದಿ ಆ ಜಾಗಕ್ಕೆ ಹಚ್ಚಿ. ಅಲ್ಯೂಮಿನಿಯಂ ನೊರೆಯೆದ್ದು ಕರಗುತ್ತದೆ, ಬೀಡಿಗೆ ಏನೂ ಆಗುವುದಿಲ್ಲ. ಗ್ಲೌಸ್, ಕನ್ನಡಕ ಹಾಕಿ, ಬಯಲಿನಲ್ಲೇ ಮಾಡಿ. ಹೆಡ್ ಹತ್ತಿರ ಒಯ್ಯಬೇಡಿ, ಅದು ಅಲ್ಯೂಮಿನಿಯಂ.

ಆಮೇಲೆ ಉಗುರು ಅಡ್ಡ ಎಳೆಯಿರಿ. ಉಗುರಿಗೆ ಸಿಗದಿದ್ದರೆ, ಅಳತೆಯೂ ಸರಿ ಇದ್ದರೆ ಹೋನಿಂಗ್ (ಕಲ್ಲಿನಿಂದ ಗೋಡೆಯನ್ನು ಸಣ್ಣಗೆ ಉಜ್ಜುವುದು) ಸಾಕು. ಸಿಕ್ಕರೆ ಬೋರಿಂಗ್. ಡಯಲ್ ಗೇಜ್ ಇಟ್ಟು ಮೇಲೆ, ಮಧ್ಯೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಆರು ಕಡೆ ಅಳೆಯದೆ ಯಾರಾದರೂ ಸೈಜ್ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಸ್ಟ್ಯಾಂಡರ್ಡ್ ಬೋರ್ 65 ಮಿಲಿಮೀಟರ್. ಅಲ್ಲಿಂದ 0.25, 0.50 ಅಂತ ಏರುತ್ತದೆ. ಈಗಿನ ಸೈಜ್ ಎಷ್ಟು ಅಂತ ಹಳೇ ಪಿಸ್ಟನ್ನಿನ ತಲೆ ಮೇಲೆ ಒತ್ತಿರುತ್ತಾರೆ, ಮಸಿ ಕೆರೆದು ನೋಡಿ. ಕೊನೆಯ ಸೈಜೂ ಮುಗಿದಿದ್ದರೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಬಹುದು. ಆದರೆ ಟೂ ಸ್ಟ್ರೋಕ್ ಸ್ಲೀವಿಗೆ ಎಲ್ಲಾ ಪೋರ್ಟ್ ಕೂರುವಂತೆ ಕತ್ತರಿಸಬೇಕು, ಆ ಕೈ ಇರುವವರು ಕಡಿಮೆ.

ಪಿಸ್ಟನ್ ತಂದುಕೊಟ್ಟೇ ಬೋರ್ ಮಾಡಿಸಿ. ಡಬ್ಬಿ ಮೇಲಿನ ಅಳತೆ ನಂಬಿ ಬೋರ್ ಮಾಡಿದರೆ ಕೆಲಸ ಕೆಡುತ್ತದೆ. ಬೋರ್ ಆದ ಮೇಲೆ ಪೋರ್ಟುಗಳ ಅಂಚು ಕತ್ತಿ ಥರ ಚೂಪಾಗಿರುತ್ತದೆ. ಅದನ್ನು ಸಣ್ಣಗೆ ಮುರಿಯಲೇಬೇಕು, ಇಲ್ಲದಿದ್ದರೆ ರಿಂಗ್ ಸಿಕ್ಕಿ ತುಂಡಾಗುತ್ತದೆ. ನಮ್ಮ ಕಸುಬಿನವರೇ ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ, ಹೇಳಿ ಮಾಡಿಸಿಕೊಳ್ಳಿ.

ಬೆಂಗಳೂರಿನಿಂದ, ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡಿರುವವರು:

ಅಣ್ಣಾ, ಎಮರಿ ಪೇಪರ್ ಸಲಹೆ ಕೊಟ್ಟವರ ಮಾತು ಕೇಳಬೇಡಿ. ನಾನು ಕೇಳಿದ್ದೆ. ಎರಡು ತಿಂಗಳು ಓಡಿತು, ಆಮೇಲೆ ಕಿಕ್ ಒದ್ದು ಒದ್ದು ಕಾಲು ನೋವು. ಉಜ್ಜಿದರೆ ಗೆರೆಯ ಅಂಚು ನುಣುಪಾಗುತ್ತದೆ, ಆಳ ಹಾಗೇ ಇರುತ್ತದೆ ಅಲ್ವಾ? ನನ್ನ ಗಾಡಿಯಲ್ಲಿ ಆಯಿಲ್ ಪಂಪಿನ ಕೇಬಲ್ ಸಡಿಲವಾಗಿತ್ತು, ಅದಕ್ಕೇ ಗೆರೆ ಬಿದ್ದಿದ್ದು.

ನನ್ನಂಥ ಬ್ಲಾಕ್ ಇರುವವರು ಇದನ್ನು ಓದುತ್ತಿದ್ದರೆ: ಇದು ಅಲ್ಯೂಮಿನಿಯಂ ಬ್ಲಾಕ್, ಒಳಗೆ ಮಾತ್ರ ಬೀಡಿನ ಸ್ಲೀವ್. ಮೇಲೆ ಹೇಳಿದ ಕಾಸ್ಟಿಕ್ ಸೋಡಾ ಇದಕ್ಕೆ ಬೇಡ, ಬ್ಲಾಕನ್ನೇ ತಿನ್ನುತ್ತದೆ.

ಬೋರಿಂಗಿನಿಂದ ಬಂದ ಬ್ಲಾಕನ್ನು ಪೆಟ್ರೋಲಿನಲ್ಲಿ ತೊಳೆದು ಹಾಗೇ ಕೂರಿಸಬೇಡಿ. ಹೋನಿಂಗ್ ಕಲ್ಲಿನ ಪುಡಿ ಗೋಡೆಯ ಗೀರುಗಳಲ್ಲಿ ಕೂತಿರುತ್ತದೆ, ಪೆಟ್ರೋಲಿಗೆ ಬರುವುದಿಲ್ಲ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬ್ರಶ್. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದು ಬಣ್ಣ ಬರಬಾರದು, ಅಲ್ಲಿಯವರೆಗೂ ತೊಳೆಯಿರಿ. ಒಣಗಿದ ತಕ್ಷಣ ಆಯಿಲ್ ಸವರಿ, ಇಲ್ಲದಿದ್ದರೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ. ನಾನು ಅಡುಗೆಮನೆ ಸಿಂಕಿನಲ್ಲಿ ತೊಳೆದು ಅಮ್ಮನಿಂದ ಬೈಸಿಕೊಂಡೆ, ನೀವು ಹಿತ್ತಲಿಗೆ ಹೋಗಿ.

ಹುಬ್ಬಳ್ಳಿಯಿಂದ ಒಬ್ಬರು:

ಕೆಟಿಎಂ ಡ್ಯೂಕ್ 390 ಥರದ ಗಾಡಿ ಇರುವವರಿಗೆ ಒಂದು ಮಾತು. ಅದರ ಸಿಲಿಂಡರ್ ಗೋಡೆಗೆ ನಿಕಾಸಿಲ್ ಅನ್ನುವ ತೆಳು, ಗಟ್ಟಿ ಲೇಪ ಇರುತ್ತದೆ. ಬೋರ್ ಮಾಡಿದರೆ ಲೇಪವೇ ಹೋಯಿತು. ಆಳ ಗೆರೆ ಬಿದ್ದರೆ ಬ್ಲಾಕ್, ಪಿಸ್ಟನ್ ಎರಡನ್ನೂ ಬದಲಿಸಬೇಕು. ಯೆಜ್ಡಿಯವರು ಆ ಲೆಕ್ಕದಲ್ಲಿ ಪುಣ್ಯವಂತರು.

ಮತ್ತೆ ಮೈಸೂರಿನವರು:

ಕೂರಿಸುವಾಗಿನ ವಿಷಯ ಬಿಟ್ಟಿದ್ದೆ. ರಿಂಗನ್ನು ಮೊದಲು ಬರೀ ಬ್ಲಾಕಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ನೇರಕ್ಕೆ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ. 65 ಮಿ.ಮೀ. ಬೋರಿಗೆ ಸುಮಾರು 0.25 ಮಿ.ಮೀ. ಇರಬೇಕು. ಸಂದೇ ಇಲ್ಲದಿದ್ದರೆ ಬಿಸಿಗೆ ಹಿಗ್ಗಿ ಮತ್ತೆ ಅದೇ ಕಥೆ. ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗೆ. ರಿಂಗಿನ ಬಾಯಿ, ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕಾಲುವೆಯಲ್ಲಿರುವ ಪುಟ್ಟ ಗೂಟಕ್ಕೆ ಸರಿಯಾಗಿ ಕೂರಬೇಕು.

ಮೊದಲ 500 ಕಿಲೋಮೀಟರ್ ಲೀಟರ್ ಪೆಟ್ರೋಲಿಗೆ 50 ಎಂಎಲ್ ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿದೆ, ಆಮೇಲೆ 40. ಐವತ್ತರ ವೇಗ ದಾಟಲಿಲ್ಲ. ಹಾಗಂತ ಟಾಪ್ ಗೇರಿನಲ್ಲಿ ಇಪ್ಪತ್ತರಲ್ಲಿ ಗೋಳಾಡಿಸುವುದೂ ತಪ್ಪು.

ಹಾಸನದವರು, ಆರು ದಿನ ಬಿಟ್ಟು:

ಎಲ್ಲರಿಗೂ ಥ್ಯಾಂಕ್ಸ್. ಕಾಸ್ಟಿಕ್ ಹಚ್ಚಿದೆ. ಸೈಲೆನ್ಸರ್ ಕಡೆ ಏಳೆಂಟು ಗೆರೆ ಇದ್ದವು, ಈಗ ಎರಡೇ ಉಳಿದಿವೆ. ಎರಡೂ ಉಗುರಿಗೆ ಸಿಗುತ್ತವೆ. ಪಿಸ್ಟನ್ ತಲೆ ಮೇಲೆ 0.25 ಅಂತಿದೆ. ಸೀಲ್ ಎರಡೂ ಮೆತ್ತಗಿವೆ. ಗಾಳಿ ಬರುತ್ತಿದ್ದದ್ದು ಕಾರ್ಬುರೇಟರ್ ಕೂರುವ ಕಡೆಯಿಂದ, ಗ್ಯಾಸ್ಕೆಟ್ ಅರ್ಧ ಹರಿದಿತ್ತು. ಎರಡು ತಿಂಗಳಿಂದ ಆಕ್ಸಿಲರೇಟರ್ ಬಿಟ್ಟರೂ ದನಿ ಇಳಿಯುತ್ತಿರಲಿಲ್ಲ. ಎಂಜಿನ್ ಒಳ್ಳೇ ಫ್ರೀ ಆಗಿದೆ ಅಂತ ನಾನು ಖುಷಿಪಟ್ಟಿದ್ದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ 0.50 ಪಿಸ್ಟನ್ ಇದೆಯಂತೆ, ನಾಳೆ ಹೋಗಿ ತಂದುಬಿಡಲೇ?

ದಾವಣಗೆರೆಯವರು:

ತಡೆಯಿರಿ ಸರ್. ಮೊದಲು ಬ್ಲಾಕ್ ಅಳೆಸಿ. ಆ ಎರಡು ಗೆರೆ 0.50ರಲ್ಲಿ ಹೋಗದಿದ್ದರೆ 0.75 ಬೇಕಾಗುತ್ತದೆ, ತಂದ ಪಿಸ್ಟನ್ ಶೋಕೇಸಿಗೆ.