ರಾತ್ರಿ ಪಾಳಿಯ ಜೊತೆಗೆ ಆನ್‌ಲೈನ್ ಎಂಎಸ್‌ಎನ್: ಹೂಸ್ಟನ್ ಸಹೋದರಿಗೆ ಓದುಗರ ಸ್ಪಂದನ

ಕಳೆದ ಸಂಚಿಕೆಯ ಪ್ರಶ್ನೆ: ನಮ್ಮ ಊರು ಉಡುಪಿ ಕಡೆ. ಬೆಂಗಳೂರಿನಲ್ಲಿ ಬಿ.ಎಸ್ಸಿ ನರ್ಸಿಂಗ್ ಮುಗಿಸಿದ್ದೇನೆ. ಗ್ರೀನ್ ಕಾರ್ಡ್ ಮೇಲೆ ಹೂಸ್ಟನ್‌ಗೆ ಬಂದು ನಾಲ್ಕು ವರ್ಷವಾಯಿತು. ರೋಗಿಗಳ ಹೃದಯ ಬಡಿತವನ್ನು ಸದಾ ಗಮನಿಸುವ ಟೆಲಿಮೆಟ್ರಿ ವಾರ್ಡಿನಲ್ಲಿ ರಾತ್ರಿ ಪಾಳಿ. ಮಕ್ಕಳಿಗೆ ಏಳು ಮತ್ತು ಮೂರು ವರ್ಷ. ಆನ್‌ಲೈನ್‌ನಲ್ಲಿ ಎಂಎಸ್‌ಎನ್ (ನರ್ಸಿಂಗ್ ಸ್ನಾತಕೋತ್ತರ ಪದವಿ) ಮಾಡಬೇಕೆಂದು ಮೂರು ಕಾಲೇಜು ನೋಡಿಟ್ಟಿದ್ದೇನೆ. ಫೀಸು ಕಡಿಮೆ ಇರುವುದಕ್ಕೇ ಸೇರು ಅನ್ನುತ್ತಾರೆ ನಮ್ಮ ಯಜಮಾನರು. ರೋಗಿಗಳನ್ನು ಪರೀಕ್ಷಿಸಿ ಔಷಧಿ ಬರೆಯುವ ನರ್ಸ್ ಪ್ರಾಕ್ಟೀಷನರ್ ಆಗಲೋ, ಪಾಠ ಮಾಡುವ ಕಡೆ ಹೋಗಲೋ ತಿಳಿಯುತ್ತಿಲ್ಲ. ಹೊಸದಾಗಿ ಬರುವ ನರ್ಸ್‌ಗಳಿಗೆ ಕೆಲಸ ಹೇಳಿಕೊಡುವುದೆಂದರೆ ನನಗೆ ತುಂಬಾ ಇಷ್ಟ. ಮುಂದೊಂದು ದಿನ ಊರಿಗೆ ಬಂದು ನರ್ಸಿಂಗ್ ಕಾಲೇಜಿನಲ್ಲಿ ಕಲಿಸುವ ಆಸೆಯೂ ಇದೆ. ಹೇಗೆ ಆರಿಸಲಿ?

*

ತಂಗಿ, ನಿಮ್ಮ ಪತ್ರ ಓದಿದಾಗ ನನ್ನದೇ ಹಳೆಯ ದಿನಗಳು ಕಣ್ಮುಂದೆ ಬಂದವು. ನನ್ನದೂ ವಾರಕ್ಕೆ ಮೂರು ರಾತ್ರಿ, ಸಂಜೆ ಏಳರಿಂದ ಬೆಳಿಗ್ಗೆ ಏಳು. ಮನೆಗೆ ಬಂದು, ಮಕ್ಕಳಿಗೆ ತಿಂಡಿ ಕೊಟ್ಟು, ಶಾಲೆಗೆ ಬಿಟ್ಟು ಬಂದು ಮಲಗುತ್ತಿದ್ದೆ. ನಾನೂ ಫೀಸು ನೋಡಿಯೇ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಕೋರ್ಸಿಗೆ ಸೇರಿದೆ. ಮೊದಲ ವರ್ಷ ಏನೂ ತೊಂದರೆ ಆಗಲಿಲ್ಲ. ಪಾಠ, ಅಸೈನ್‌ಮೆಂಟ್, ಪರೀಕ್ಷೆ ಎಲ್ಲ ಲ್ಯಾಪ್‌ಟಾಪ್ ಮುಂದೆಯೇ ಮುಗಿಯುತ್ತಿತ್ತು. ಕಷ್ಟ ಶುರುವಾಗಿದ್ದು ಕ್ಲಿನಿಕಲ್ ಬಂದಾಗ.

ಕ್ಲಿನಿಕಲ್ ಅನ್ನು ಆನ್‌ಲೈನ್‌ನಲ್ಲಿ ಮಾಡಲು ಬರುವುದಿಲ್ಲ. ಒಬ್ಬ ಪ್ರಿಸೆಪ್ಟರ್ (ಕೆಲಸ ಕಲಿಸುವ ಅನುಭವಿ) ಕೈಕೆಳಗೆ ಕೂತು ರೋಗಿಗಳನ್ನು ನೋಡಬೇಕು. ಮೊದಲು ಕನಿಷ್ಠ 500 ಗಂಟೆ ಇತ್ತು. 2022ರ ರಾಷ್ಟ್ರೀಯ ಮಾನದಂಡದಲ್ಲಿ ಅದು 750 ಗಂಟೆಗೆ ಏರಿದೆ. ವಾರಕ್ಕೆ ಎರಡು ದಿನ, ದಿನಕ್ಕೆ ಎಂಟು ಗಂಟೆ ಹೋದರೂ 47 ವಾರ ಬೇಕು. ಅದೂ ಹಗಲು ಹೊತ್ತಿನಲ್ಲಿ, ನಿಮ್ಮ ನೈಟ್ ಡ್ಯೂಟಿ ಬಿಟ್ಟು.

ಆ ಪ್ರಿಸೆಪ್ಟರನ್ನು ಹುಡುಕುವುದು ಯಾರು? ನಾನು ಈ ಪ್ರಶ್ನೆ ಕೇಳಿರಲಿಲ್ಲ. ನನ್ನ ಕಾಲೇಜಿನ ಕೈಪಿಡಿಯಲ್ಲಿ 'ವಿದ್ಯಾರ್ಥಿಯ ಜವಾಬ್ದಾರಿ' ಅಂತ ಒಂದೇ ಸಾಲು ಇತ್ತು, ಅದನ್ನು ಓದಿ ಮುಂದೆ ಹೋಗಿಬಿಟ್ಟಿದ್ದೆ. ಆಮೇಲೆ ರಜೆ ದಿನವೆಲ್ಲ ಕಾರಿನಲ್ಲೇ ಕಳೆಯಿತು. ಒಂದು ನೀಲಿ ಫೈಲಿನಲ್ಲಿ ರೆಸ್ಯೂಮೆ, ಲಸಿಕೆ ದಾಖಲೆ, ಲೈಸೆನ್ಸ್ ಪ್ರತಿ ಇಟ್ಟುಕೊಂಡು ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಹೋಗುತ್ತಿದ್ದೆ. ಎಲ್ಲಾ ಕಡೆ ಕೌಂಟರಿನಲ್ಲಿ ಅದೇ ಉತ್ತರ: ಈ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿಲ್ಲ. ದುಡ್ಡು ಕೊಟ್ಟರೆ ಪ್ರಿಸೆಪ್ಟರ್ ಹೊಂದಿಸಿಕೊಡುವ ಏಜೆನ್ಸಿಗಳೂ ಇವೆ. ಅವರು ಕೇಳಿದ ಮೊತ್ತ ಸೇರಿಸಿದರೆ, ಪಕ್ಕದ ದುಬಾರಿ ಕಾಲೇಜಿನ ಫೀಸೇ ಕಡಿಮೆ ಅನ್ನಿಸುತ್ತಿತ್ತು. ಕಾಯುತ್ತಾ ಒಂದು ಸೆಮಿಸ್ಟರ್ ಹಾಗೇ ಹೋಯಿತು. ಕೊನೆಗೆ ಕೈ ಹಿಡಿದದ್ದು ನಮ್ಮ ವಾರ್ಡಿಗೆ ರೌಂಡ್ಸ್ ಬರುತ್ತಿದ್ದ ಒಬ್ಬ ನರ್ಸ್ ಪ್ರಾಕ್ಟೀಷನರ್. ಅವರ ಆಸ್ಪತ್ರೆ ಕೆಲಸದ ಗಂಟೆಗಳು ನನ್ನ ಕೋರ್ಸಿಗೆ ನಡೆಯುತ್ತಿರಲಿಲ್ಲ. ಅದಕ್ಕೆ ಕ್ಲಿನಿಕ್ ನಡೆಸುವ ತಮ್ಮ ಗೆಳತಿಗೆ ಅಲ್ಲೇ ಸ್ಟೇಷನ್ನಿನಿಂದಲೇ ಫೋನ್ ಮಾಡಿ ಕೇಳಿದರು.

ಹಾಗಾಗಿ ಆ ಮೂರೂ ಕಾಲೇಜಿಗೆ ಇಮೇಲ್ ಬರೆಯಿರಿ. ಕ್ಲಿನಿಕಲ್ ಜಾಗ ನೀವು ಕೊಡುತ್ತೀರಾ, ಹೂಸ್ಟನ್‌ನಲ್ಲೇ ಕೊಡುತ್ತೀರಾ, ಸಿಗದಿದ್ದರೆ ನನ್ನ ಸೆಮಿಸ್ಟರ್ ಏನಾಗುತ್ತದೆ ಅಂತ ಕೇಳಿ. 'ನಾವು ಸಹಾಯ ಮಾಡುತ್ತೇವೆ' ಅನ್ನುವುದು ಬೇರೆ, 'ನಾವು ಹೊಂದಿಸಿಕೊಡುತ್ತೇವೆ' ಅನ್ನುವುದು ಬೇರೆ. ಎರಡನೆಯದನ್ನೇ ಬರವಣಿಗೆಯಲ್ಲಿ ಪಡೆಯಿರಿ. ಸರ್ಟಿಫಿಕೇಷನ್ ಪರೀಕ್ಷೆಯಲ್ಲಿ ಮೊದಲ ಸಲವೇ ಎಷ್ಟು ಜನ ಪಾಸಾಗುತ್ತಾರೆ ಅನ್ನುವುದನ್ನೂ ಕೇಳಿ. ಒಳ್ಳೆಯ ಕಾಲೇಜು ತಟ್ಟನೆ ಹೇಳುತ್ತದೆ.

ಇನ್ನೊಂದು ಮಾತು. ಎಲ್ಲರೂ ಮಾಡುತ್ತಾರೆ ಅಂತ ನೀವೂ ಸುಮ್ನೆ ಫ್ಯಾಮಿಲಿ ಟ್ರ್ಯಾಕ್ ಹಿಡಿಯಬೇಡಿ. ಅದು ಕ್ಲಿನಿಕ್‌ನ ಪ್ರಾಥಮಿಕ ಆರೈಕೆಗೆ. ನಿಮ್ಮದು ಟೆಲಿಮೆಟ್ರಿ ಅನುಭವ. ಆಸ್ಪತ್ರೆಯಲ್ಲೇ, ಹೃದ್ರೋಗಿಗಳ ಜೊತೆಯಲ್ಲೇ ಇರಬೇಕೆಂದರೆ ವಯಸ್ಕರ ಅಕ್ಯೂಟ್ ಕೇರ್ (ತೀವ್ರ ಕಾಯಿಲೆಯವರ ಆರೈಕೆ) ಅಂತ ಬೇರೆಯೇ ಟ್ರ್ಯಾಕ್ ಇದೆ, ಅದರ ಪರೀಕ್ಷೆಯೂ ಬೇರೆ. ಒಂದನ್ನು ಓದಿ ಇನ್ನೊಂದರ ಕೆಲಸ ಮಾಡಲು ಹೊರಟರೆ, ಆಮೇಲೆ ಮತ್ತೊಂದು ಸರ್ಟಿಫಿಕೇಟಿಗೆ ಓದಬೇಕಾಗುತ್ತದೆ. ಟೆಕ್ಸಸ್‌ನಲ್ಲಿ ನರ್ಸ್ ಪ್ರಾಕ್ಟೀಷನರ್ ಔಷಧಿ ಬರೆಯಬೇಕಾದರೆ ಡಾಕ್ಟರ ಜೊತೆ ಲಿಖಿತ ಒಪ್ಪಂದ ಇರಬೇಕು. ಅದೂ ನೆನಪಿರಲಿ.

— ಒಬ್ಬ ನರ್ಸ್ ಪ್ರಾಕ್ಟೀಷನರ್, ನ್ಯೂಜೆರ್ಸಿ

*

ನಾನು ನರ್ಸ್ ಅಲ್ಲ, ನರ್ಸ್ ಒಬ್ಬರ ಗಂಡ. ನಿಮ್ಮ ಯಜಮಾನರಿಗೆ ನಾಲ್ಕು ಮಾತು ಹೇಳಬೇಕು ಅನ್ನಿಸಿತು.

ಸರ್, ಒಂದು ಕ್ರೆಡಿಟ್‌ಗೆ ಎಷ್ಟು ಅಂತ ಮಾತ್ರ ನೋಡಬೇಡಿ. ನಾನೂ ಅದನ್ನೇ ಎಕ್ಸೆಲ್‌ನಲ್ಲಿ ಹಾಕಿಕೊಂಡು ಕೂತಿದ್ದೆ. ತಂತ್ರಜ್ಞಾನ ಶುಲ್ಕ, ಕ್ಲಿನಿಕಲ್ ಶುಲ್ಕ, ವರ್ಷಕ್ಕೊಮ್ಮೆ ಕ್ಯಾಂಪಸ್‌ಗೆ ಕರೆದರೆ ವಿಮಾನ ಮತ್ತು ಹೋಟೆಲ್ ಖರ್ಚು, ಎಲ್ಲ ಸೇರಬೇಕು. ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಂಥ ಕಡೆ ಆರು ತಿಂಗಳಿಗೆ ಇಷ್ಟು ಅಂತ ಒಂದೇ ಫೀಸು, ಎಷ್ಟು ಬೇಗ ಮುಗಿಸಿದರೆ ಅಷ್ಟು ಉಳಿತಾಯ. ಎರಡು ಚಿಕ್ಕ ಮಕ್ಕಳ ತಾಯಿಗೆ ಆ ಬೇಗ ಸಾಧ್ಯವಾ ಅಂತ ನೀವಿಬ್ಬರೂ ಕೂತು ಯೋಚಿಸಿ.

ಮೊದಲು ಆಸ್ಪತ್ರೆಯ ಎಚ್‌ಆರ್ ಹತ್ತಿರ ಕೇಳಿಸಿ. ನೌಕರರ ಓದಿಗೆ ಕೊಡುವ ದುಡ್ಡಿನಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ಎಷ್ಟೋ ಆಸ್ಪತ್ರೆಗಳು ಕೊಡುತ್ತವೆ. ಬದಲಿಗೆ ಇಷ್ಟು ವರ್ಷ ಇಲ್ಲೇ ಇರಬೇಕು ಅಂತ ಬರೆಸಿಕೊಳ್ಳುತ್ತಾರೆ, ಆ ಕಾಗದವನ್ನು ಪೂರ್ತಿ ಓದಿಯೇ ಸಹಿ ಹಾಕಿ. ಗ್ರೀನ್ ಕಾರ್ಡ್ ಇರುವುದರಿಂದ ಫೆಡರಲ್ ಸಾಲವೂ ಸಿಗುತ್ತದೆ. ಆದರೆ 2026ರ ಜುಲೈ 1ರಿಂದ ಹೊಸಬರಿಗೆ, ಓದಿನ ಪೂರ್ತಿ ಖರ್ಚಿಗೂ ಸಿಗುತ್ತಿದ್ದ ಗ್ರಾಡ್ ಪ್ಲಸ್ ಸಾಲ ಇಲ್ಲ, ಉಳಿದದ್ದರಲ್ಲಿ ಮಾಸ್ಟರ್ಸ್‌ಗೆ ವರ್ಷಕ್ಕೆ 20,500 ಡಾಲರ್ ಮಿತಿ. ಬೇಕಾದಷ್ಟು ಸಾಲ ಮಾಡಿ ಓದುವ ಕಾಲ ಮುಗಿಯಿತು ಅಂತಲೇ ಲೆಕ್ಕ ಹಾಕಿ.

ನಮ್ಮ ಮನೆಯಲ್ಲಿ ನಡೆದ ಒಂದು ಉಪಾಯ ಹೇಳುತ್ತೇನೆ. ಅತ್ತೆಯವರು ಊರಿಂದ ಬಂದು ಆರು ತಿಂಗಳು ಇರುತ್ತಾರಲ್ವಾ? ಅವರ ಟಿಕೆಟ್ಟನ್ನು ಕ್ಲಿನಿಕಲ್ ಸೆಮಿಸ್ಟರ್‌ಗೆ ಸರಿಯಾಗಿ ಮಾಡಿಸಿದೆವು. ಬೆಳಿಗ್ಗೆ ಆರಕ್ಕೆ ನನ್ನ ಹೆಂಡತಿ ಹೊರಡುವ ಹೊತ್ತಿಗೆ ಅತ್ತೆ ಎದ್ದು ದೋಸೆ ಹುಯ್ಯುತ್ತಿದ್ದರು, ಮಗುವಿಗೆ ಜಡೆ ಹಾಕುತ್ತಿದ್ದರು. ಅವರು ವಾಪಸ್ಸು ಹೋದ ಮೇಲೆ ಅಡುಗೆಮನೆ ನನ್ನ ಪಾಲಿಗೆ ಬಂತು. ಫೀಸು ಕಟ್ಟಿದರೆ ಗಂಡಂದಿರ ಕೆಲಸ ಮುಗಿಯುವುದಿಲ್ಲ ಸರ್. ಅವಳು ಪರೀಕ್ಷೆ ಬರೆಯುವ ಮೂರು ಗಂಟೆ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಬೇಕು. ಕ್ಯಾಮೆರಾ ಹಾಕಿ ನಡೆಸುವ ಪರೀಕ್ಷೆಯಲ್ಲಿ ಮಗು ಕೋಣೆಗೆ ಬಂದರೂ ಅನುಮಾನ ಪಡುತ್ತಾರೆ.

— ಓದುಗ, ಡಲ್ಲಾಸ್

*

ಚಿಕ್ಕದಾಗಿ ಹೇಳುತ್ತೇನೆ. ಸಿಸಿಎನ್‌ಇ, ಎಸಿಇಎನ್‌ನಂಥ ನರ್ಸಿಂಗ್ ಕೋರ್ಸ್‌ ಪರಿಶೀಲಿಸುವ ಸಂಸ್ಥೆಗಳ ಮಾನ್ಯತೆ ಇಲ್ಲದ ಕೋರ್ಸ್‌ನ ಹತ್ತಿರವೂ ಹೋಗಬೇಡಿ. ಕಾಲೇಜಿನ ಜಾಹೀರಾತಿನಲ್ಲಿ ಅಲ್ಲ, ಆ ಸಂಸ್ಥೆಗಳ ಪಟ್ಟಿಯಲ್ಲೇ ಹೆಸರು ಹುಡುಕಿ. ಕಾಲೇಜಿಗೆ ಇರುವ ಮಾನ್ಯತೆ ಬೇರೆ, ನರ್ಸಿಂಗ್ ಕೋರ್ಸ್‌ಗೆ ಇರುವ ಮಾನ್ಯತೆ ಬೇರೆ.

ಮುಂದಿನ ಮೂರು ವರ್ಷ ನೀವು ಟೆಕ್ಸಸ್‌ನಲ್ಲೇ ಇರುತ್ತೀರಾ? ಓದಿನ ನಡುವೆ ನನ್ನ ಗಂಡನಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಕ್ಕಿತು. ಹೊರರಾಜ್ಯದ ಆನ್‌ಲೈನ್ ಕಾಲೇಜುಗಳು ಸುಲಭವಾಗಿ ಪಾಠ ಮಾಡಲು ರಾಜ್ಯಗಳು ಮಾಡಿಕೊಂಡ ಒಪ್ಪಂದ ಒಂದಿದೆ, ಸಾರಾ ಅಂತ. ಅದರಲ್ಲಿ ಕ್ಯಾಲಿಫೋರ್ನಿಯಾ ಇಲ್ಲ. ನನ್ನ ಕಾಲೇಜು ಅಲ್ಲಿ ಕ್ಲಿನಿಕಲ್ ಮಾಡಿಸಲು ಆಗುವುದಿಲ್ಲ ಅಂದಿತು. ಬೇರೆ ಕಾಲೇಜಿಗೆ ಹೋದಾಗ 18 ಕ್ರೆಡಿಟ್‌ನಲ್ಲಿ 9ನ್ನು ಮಾತ್ರ ಒಪ್ಪಿಕೊಂಡರು. ಅತ್ತುಬಿಟ್ಟೆ. ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸಿಗೆ ಟೆಕ್ಸಸ್ ಸೇರಿ ಎಷ್ಟೋ ರಾಜ್ಯಗಳ ನಡುವೆ, ಒಂದರ ಲೈಸೆನ್ಸ್ ಇನ್ನೊಂದರಲ್ಲೂ ನಡೆಯುವ ಕಾಂಪ್ಯಾಕ್ಟ್ ಇದೆ, ನರ್ಸ್ ಪ್ರಾಕ್ಟೀಷನರ್ ಲೈಸೆನ್ಸಿಗೆ ಅದು ನಡೆಯುವುದಿಲ್ಲ. ಯಾವ ರಾಜ್ಯದ ಲೈಸೆನ್ಸಿಗೆ ತಮ್ಮ ಕೋರ್ಸ್ ಸಾಕಾಗುತ್ತದೆ ಅಂತ ಕಾಲೇಜುಗಳು ವೆಬ್‌ಸೈಟ್‌ನಲ್ಲಿ ರಾಜ್ಯವಾರು ಹಾಕಿರುತ್ತವೆ. ಆ ಪುಟ ಓದಿ.

ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಅಂಕಗಳ ದಾಖಲೆ) ಕೆಲಸ ಈಗಲೇ ಶುರು ಮಾಡಿ. ಅಮೆರಿಕಕ್ಕೆ ಬರುವಾಗಿನ ಅರ್ಹತೆ ಪರಿಶೀಲನೆಗೆ, ಅಂದರೆ ವೀಸಾಸ್ಕ್ರೀನ್‌ಗೆ, ಒಮ್ಮೆ ಕೊಟ್ಟಿದ್ದೇನಲ್ಲ ಅಂತ ಕೂತಿದ್ದೆ ನಾನು. ಕಾಲೇಜು ಪ್ರತಿ ವಿಷಯದ ಕ್ರೆಡಿಟ್ ಲೆಕ್ಕ ಹಾಕಿದ ಮೌಲ್ಯಮಾಪನ ಬೇರೆಯಾಗಿ ಕೇಳಿತು. ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಅಣ್ಣ ರಜೆ ಹಾಕಿ ಓಡಾಡಬೇಕಾಯಿತು.

— ಆರ್‌ಎನ್, ಸ್ಯಾಕ್ರಮೆಂಟೊ

*

ಮಗಳೇ, ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಊರಿಗೆ ಬಂದು ಕಲಿಸುವ ಆಸೆ ಅಂತ ಬರೆದಿದ್ದೀರಿ. ಓದಿ ತುಂಬಾ ಖುಷಿಯಾಯಿತು. ಆದರೆ ಇಲ್ಲಿನ ಸ್ಥಿತಿಯನ್ನು ಇದ್ದ ಹಾಗೇ ಹೇಳಬೇಕು.

ನಮ್ಮಲ್ಲಿ ಎಂ.ಎಸ್ಸಿ ನರ್ಸಿಂಗ್ ಎಂದರೆ ಎರಡು ವರ್ಷ ಕಾಲೇಜಿಗೆ ಬಂದು ಪೂರ್ಣಾವಧಿ ಓದುವುದು. ಮೆಡಿಕಲ್ ಸರ್ಜಿಕಲ್, ಮಕ್ಕಳ ಆರೋಗ್ಯ, ಹೆರಿಗೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಹೀಗೆ ಒಂದೊಂದು ವಿಶೇಷ ವಿಷಯ. 2020ರ ಯುಜಿಸಿ ನಿಯಮದ ಪ್ರಕಾರ ನರ್ಸಿಂಗ್ ಪದವಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನಡೆಸುವಂತಿಲ್ಲ. 'ಮನೆಯಲ್ಲೇ ಕೂತು ಎಂ.ಎಸ್ಸಿ ನರ್ಸಿಂಗ್' ಎಂಬ ಜಾಹೀರಾತು ಇಲ್ಲಿಯ ಹುಡುಗಿಯರ ಫೋನಿಗೂ ಬರುತ್ತದೆ. ದುಡ್ಡು ಕಟ್ಟಿ ಕಳೆದುಕೊಂಡು ಅಳುತ್ತಾ ನನ್ನ ಹತ್ತಿರ ಬಂದವರಿದ್ದಾರೆ. ಇದನ್ನು ಓದುತ್ತಿರುವ ಉಳಿದ ತಂಗಿಯರಿಗೂ ಹೇಳುತ್ತಿದ್ದೇನೆ, ಅಂಥದಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ನಿಮ್ಮ ಅಮೆರಿಕದ ಪದವಿ ಅಲ್ಲಿ ಪೂರ್ತಿ ಸರಿಯಾದದ್ದೇ ಇರಬಹುದು. ಇಲ್ಲಿ ಅಧ್ಯಾಪಕರಾಗಲು ಅದು ನಡೆಯುತ್ತದೋ ಇಲ್ಲವೋ ಅನ್ನುವುದನ್ನು ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳಬೇಕು. ಆನ್‌ಲೈನ್ ಓದು ಅಂದಾಗ ಪ್ರಶ್ನೆ ಎದ್ದೇ ಏಳುತ್ತದೆ. ಸೇರುವ ಮೊದಲೇ ಕೌನ್ಸಿಲ್‌ಗೆ ಕೋರ್ಸಿನ ಹೆಸರು, ಅವಧಿ, ಕ್ಲಿನಿಕಲ್ ಗಂಟೆ ಎಲ್ಲ ಬರೆದು ಪತ್ರ ಹಾಕಿ ಕೇಳಿ. ಅದರ ಜಾಗಕ್ಕೆ ಹೊಸ ಆಯೋಗ ತರುವ ಕಾಯಿದೆಯೂ 2023ರಲ್ಲಿ ಆಗಿದೆ, ಹಾಗಾಗಿ ನೀವು ಬರುವ ಹೊತ್ತಿಗೆ ನಿಯಮ ಬೇರೆಯೇ ಇರಬಹುದು. ಊರಿನ ಆಸೆಗಾಗಿ ಅಲ್ಲಿನ ಕೋರ್ಸ್ ಆರಿಸಬೇಡಿ ಅಂತ ಇದಕ್ಕೇ ಹೇಳುವುದು. ಮುಂದಿನ ಹತ್ತು ವರ್ಷ ಅಲ್ಲಿ ಯಾವ ಕೆಲಸ ಮಾಡುತ್ತೀರೋ ಅದಕ್ಕೆ ಆರಿಸಿ.

ಆ ಕೆಲಸ ಯಾವುದು ಅಂತ ನೀವೇ ಬರೆದುಬಿಟ್ಟಿದ್ದೀರಿ ಅನ್ನಿಸಿತು ನನಗೆ. ಹೊಸಬರಿಗೆ ಹೇಳಿಕೊಡುವುದು ಇಷ್ಟ ಎಂದಿದ್ದೀರಿ. ಮೊದಲ ಸಲ ಐವಿ ಹಾಕುವ ಹುಡುಗಿಯ ಕೈ ನಡುಗುವಾಗ, ಸೂಜಿ ಕಿತ್ತುಕೊಳ್ಳದೆ ಪಕ್ಕದಲ್ಲಿ ನಿಂತು, 'ಇಲ್ಲಿ ಬೆರಳಿಟ್ಟು ನೋಡು, ಪುಟಿಯುತ್ತದಾ?' ಅಂತ ಕೇಳುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ನಿಮಗೆ ಅದು ಇದ್ದರೆ ನರ್ಸ್ ಎಜುಕೇಟರ್ ಟ್ರ್ಯಾಕನ್ನು ಗಂಭೀರವಾಗಿ ನೋಡಿ. ಹೊಸ ಲೈಸೆನ್ಸ್ ಬೇಕಿಲ್ಲ, ಅದರ ಪ್ರಾಕ್ಟಿಕಮ್ (ಪ್ರಾಯೋಗಿಕ ತರಬೇತಿ) ಗಂಟೆಗಳೂ ಕಡಿಮೆ. ಅಲ್ಲಿ ನರ್ಸ್ ಫ್ಯಾಕಲ್ಟಿ ಲೋನ್ ಪ್ರೋಗ್ರಾಂ ಅಂತ ಸರ್ಕಾರದ ಯೋಜನೆ ಇದೆ. ಓದು ಮುಗಿಸಿ ಪೂರ್ಣಾವಧಿ ಪಾಠ ಮಾಡುವವರಿಗೆ ಸಾಲದಲ್ಲಿ 85 ಶೇಕಡಾವರೆಗೆ ಮನ್ನಾ ಆಗುತ್ತದೆ. ಗ್ರೀನ್ ಕಾರ್ಡ್ ಇದ್ದವರೂ ಅರ್ಜಿ ಹಾಕಬಹುದು, ಆದರೆ ಎಲ್ಲ ಕಾಲೇಜಿನಲ್ಲೂ ಆ ಯೋಜನೆ ಇರುವುದಿಲ್ಲ. ನಿಮ್ಮ ಮೂರರಲ್ಲಿ ಯಾವುದರಲ್ಲಿದೆ ಕೇಳಿ.

ಯಾವುದಕ್ಕೇ ಸೇರಿದರೂ ಪ್ರತಿ ವಿಷಯದ ಸಿಲಬಸ್ಸನ್ನು ಮುದ್ರಿಸಿ ಇಟ್ಟುಕೊಳ್ಳಿ. ಕ್ಲಿನಿಕಲ್ ಗಂಟೆಗಳ ದಾಖಲೆಗೆ ಪ್ರಿಸೆಪ್ಟರ್ ಸಹಿಯನ್ನು ಆಗಿಂದಾಗ ಹಾಕಿಸಿ, ಒಂದು ಪ್ರತಿ ಮನೆಯಲ್ಲಿರಲಿ. ಹತ್ತು ವರ್ಷ ಬಿಟ್ಟು ಕೌನ್ಸಿಲ್ ಕೇಳಿದರೆ ಆ ಕಾಲೇಜಿನ ಹಿಂದೆ ಓಡಾಡುವುದು ಕಷ್ಟ. ಮೂರೂ ಕೋರ್ಸ್‌ಗಳ ಎಜುಕೇಟರ್ ಸಿಲಬಸ್ಸನ್ನು ಪತ್ರಿಕೆಯ ಮೂಲಕ ನನಗೆ ಕಳಿಸಿ. ಬೋಧನೆ ಅಭ್ಯಾಸ ಯಾವುದರಲ್ಲಿ ಜಾಸ್ತಿ ಇದೆ ಅಂತ ಓದಿ ಹೇಳುತ್ತೇನೆ.

— ನಿವೃತ್ತ ಅಧ್ಯಾಪಕಿ, ಮಂಗಳೂರು