ಕೇಪ್ ಬಫಲೋ (ಆಫ್ರಿಕಾದ ಕಾಡುಕೋಣ) ಶಿಕಾರಿಗೆ .375 ಬಂದೂಕಿನಲ್ಲಿ ಯಾವ ಗುಂಡು ಹಾಕಬೇಕು?

ಕಾವೇರಿತೀರ:
ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಕಡೆಯವನು, ಕೆಲಸಕ್ಕೆ ಅಂತ ಜೋಹಾನ್ಸ್‌ಬರ್ಗ್‌ಗೆ ಬಂದು ಆರು ವರ್ಷ ಆಯಿತು. ಬರುವ ಜುಲೈನಲ್ಲಿ ಲಿಂಪೊಪೊದ ಒಂದು ಖಾಸಗಿ ರಾಂಚ್‌ನಲ್ಲಿ ಪರ್ಮಿಟ್ ಮಾಡಿಸಿ ಕೇಪ್ ಬಫಲೋ ಶಿಕಾರಿಗೆ ಹೋಗುತ್ತಿದ್ದೇನೆ. ಜೊತೆಗೆ ಲೈಸೆನ್ಸ್ ಇರುವ ಹಂಟರ್ ಇರುತ್ತಾರೆ. ಊರಲ್ಲಿ ಕೈಲ್‌ಮುಹೂರ್ತದ ದಿನ ಕೋವಿ ಹಿಡಿದು ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವನು ನಾನು, ಆದರೆ ಏಳುನೂರು ಕೆಜಿ ಕೋಣದ ಎದುರು ಯಾವತ್ತೂ ನಿಂತಿಲ್ಲ. ಗೆಳೆಯನೂ ಬರುತ್ತಾನೆ, ಅವನ .375 ಎಚ್ ಅಂಡ್ ಎಚ್ ಬಂದೂಕು ಬಳಸುತ್ತೇನೆ. ಅಂಗಡಿಯಲ್ಲಿ ನೋಡಿದರೆ 235, 270, 300 ಗ್ರೇನ್ (ಗುಂಡಿನ ತೂಕದ ಅಳತೆ), ತಾಗಿದಾಗ ಅರಳುವ ಸಾಫ್ಟ್, ಅರಳದ ಸಾಲಿಡ್, ಪೂರ್ತಿ ತಾಮ್ರದ್ದು, ತಲೆ ಕೆಟ್ಟುಹೋಯಿತು. ಹಗುರ ಗುಂಡು ಜೋರಾಗಿ ಹೋಗುತ್ತದೆ, ಅದೇ ತಗೋ ಅಂತ ಒಬ್ಬರು ಹೇಳಿದರು. ಹೌದಾ?

ಹಳೇ ಈಡುಗಾರ:
ಬೇಡ ತಮ್ಮ. 300 ಗ್ರೇನ್ ತಗೋ. ಗುಂಡಿನ ದಪ್ಪ ಒಂದೇ, ತೂಕ ಜಾಸ್ತಿ ಆದಷ್ಟೂ ಉದ್ದ ಜಾಸ್ತಿ, ಒಳಗೆ ಇಳಿಯುವ ಶಕ್ತಿಯೂ ಜಾಸ್ತಿ. ಸೆಕ್ಷನಲ್ ಡೆನ್ಸಿಟಿ, ಅಂದರೆ ದಪ್ಪಕ್ಕೆ ಹೋಲಿಸಿದರೆ ತೂಕ ಎಷ್ಟು ಅನ್ನೋ ಲೆಕ್ಕ, ಕೇಳಿರುತ್ತೀಯ, 300ಕ್ಕೆ ಅದು 0.305, 235ಕ್ಕೆ 0.239 ಅಷ್ಟೇ. ಹಗುರ ಗುಂಡು ಜೋರಾಗಿ ಹೋಗುವುದು ನಿಜ, ಆ ಜೋರಿಗೇ ಚರ್ಮದ ಹತ್ತಿರವೇ ಅರಳಿ ಚೂರಾಗಿಬಿಡುತ್ತದೆ. ನನಗೆ ಆಗಿದೆ. ನಮೀಬಿಯಾದಲ್ಲಿ ಒಂದು ಎಲ್ಯಾಂಡ್‌ಗೆ (ದೊಡ್ಡ ಜಿಂಕೆಯಂಥ ಪ್ರಾಣಿ) ಹಗುರ ಸಾಫ್ಟ್ ಗುಂಡಿನಲ್ಲಿ ಹೊಡೆದೆ, ಭುಜದ ಮೂಳೆಗೆ ತಾಗಿ ಅಲ್ಲೇ ಒಡೆದುಹೋಯಿತು. ಆ ಪ್ರಾಣಿ ನರಳುತ್ತಾ ಓಡಿತು, ನಾವು ರಕ್ತದ ಜಾಡು ಹಿಡಿದು ಕತ್ತಲಾಗುವ ತನಕ ಹುಡುಕಿದೆವು. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಎಲ್ಯಾಂಡ್ ಓಡಿಹೋಗುತ್ತದೆ, ಏಟು ತಿಂದ ಬಫಲೋ ಪೊದೆಯಲ್ಲಿ ನಿಂತು ಕಾಯುತ್ತದೆ.

ತೋಟಾಪೆಟ್ಟಿಗೆ:
ತೂಕದ ಮಾತು ಸರಿ, ಆದರೆ ಗುಂಡನ್ನು ಹೇಗೆ ಕಟ್ಟಿದ್ದಾರೆ ಅನ್ನೋದು ಅದಕ್ಕಿಂತ ಮುಖ್ಯ. 1946ರಲ್ಲಿ ಕೆನಡಾದಲ್ಲಿ ಜಾನ್ ನೋಸ್ಲರ್ ಒಂದು ಮೂಸ್‌ಗೆ (ಭಾರೀ ಗಾತ್ರದ ಕಡವೆಯಂಥ ಪ್ರಾಣಿ) ಹೊಡೆದಾಗ, ಮೈಮೇಲೆ ಕೆಸರು ಒಣಗಿದ್ದ ಆ ಪ್ರಾಣಿಯೊಳಗೆ ಗುಂಡುಗಳು ಇಳಿಯಲೇ ಇಲ್ಲ. ಅದಾದ ಮೇಲೆ ಆತ ಸೀಸದ ನಡುವೆ ತಾಮ್ರದ ಗೋಡೆ ಇಟ್ಟು ಪಾರ್ಟಿಶನ್ ಗುಂಡು ಮಾಡಿದ್ದು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಗೆ ನುಗ್ಗುತ್ತದೆ. ಸ್ವಿಫ್ಟ್ ಕಂಪನಿಯ ಎ-ಫ್ರೇಮ್ ಗುಂಡಿನಲ್ಲಿ ಇದೇ ಗೋಡೆ ಇದೆ, ಜೊತೆಗೆ ಮುಂದಿನ ಸೀಸವನ್ನು ಹೊದಿಕೆಗೆ ಬೆಸೆದಿರುತ್ತಾರೆ. ಬಾರ್ನ್ಸ್ ಕಂಪನಿಯ ಟಿಎಸ್‌ಎಕ್ಸ್ ಪೂರ್ತಿ ತಾಮ್ರ, ಸೀಸವೇ ಇಲ್ಲ. ಎ-ಫ್ರೇಮ್, ಟಿಎಸ್‌ಎಕ್ಸ್ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಜಿಂಕೆಗೆ ಅಂತ ಮಾಡಿದ ಮಾಮೂಲಿ ಸಾಫ್ಟ್ ಮಾತ್ರ ಬೇಡವೇ ಬೇಡ.

ಮರಳುಗಾಡು:
ನನ್ನ ಕೇಳಿದರೆ ಸಾಲಿಡ್ ಒಂದೇ ಸಾಕು. ಹಳೇ ಕಾಲದ ಆನೆ ಶಿಕಾರಿ ಡಬ್ಲ್ಯೂ.ಡಿ.ಎಂ. ಬೆಲ್ ನೂರಾರು ಆನೆ ಹೊಡೆದಿದ್ದು 7 ಮಿ.ಮೀ. ಬಂದೂಕಿನ 173 ಗ್ರೇನ್ ಸಾಲಿಡ್‌ನಲ್ಲಿ, ಅಲ್ವಾ?

ಹಳೇ ಈಡುಗಾರ:
ಬೆಲ್ ಆನೆಯ ತಲೆಬುರುಡೆ ಕೊಯ್ದು ಮಿದುಳು ಎಲ್ಲಿದೆ ಅಂತ ಕಲಿತ ಮನುಷ್ಯ. ಆ ಕೈ ನಮ್ಮದಲ್ಲ. ಆನೆ ತಲೆಗೆ ಸಾಲಿಡ್ಡೇ ಬೇಕು, ಒಪ್ಪುತ್ತೇನೆ. ಆದರೆ ಬಫಲೋ ಹಿಂಡಿನಲ್ಲಿರುತ್ತದೆ. ಪಕ್ಕದಿಂದ ಹೊಡೆದ ಸಾಲಿಡ್ ಈಚೆಯಿಂದ ಆಚೆ ಹೋಗಿ ಹಿಂದೆ ನಿಂತ ಹೆಣ್ಣು ಬಫಲೋಗೆ ತಾಗಿದರೆ ಆ ಗಾಯಕ್ಕೆ ಯಾರು ಹೊಣೆ? ಅದಕ್ಕೇ ಮೊದಲ ಈಡು ಗಟ್ಟಿಯಾಗಿ ಕಟ್ಟಿದ ಸಾಫ್ಟ್, ಅದರ ಕೆಳಗೆ ಮ್ಯಾಗಜಿನ್‌ನಲ್ಲಿ ಸಾಲಿಡ್. ಏಟು ತಿಂದು ಓಡುವ ಕೋಣಕ್ಕೆ ಹಿಂದಿನಿಂದ ಹೊಡೆಯಬೇಕಾದಾಗ ಅಷ್ಟು ಉದ್ದ ಇಳಿಯುವುದು ಸಾಲಿಡ್ ಮಾತ್ರ. ಮೂತಿ ಚಪ್ಪಟೆ ಇರುವ ಸಾಲಿಡ್ ತಗೋ, ಉರುಟು ಮೂತಿಯದ್ದಕ್ಕಿಂತ ನೇರ ಹೋಗುತ್ತದೆ.

ಶರಾವತಿ ಹುಡುಗಿ:
ನನ್ನ ಗಂಡ ಟಾಂಜಾನಿಯಾದಲ್ಲಿ ಕೆಲಸದಲ್ಲಿದ್ದಾಗ ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ಅಣ್ಣ, ಕೋಣದ ಹೃದಯ ನೀವು ಅಂದುಕೊಂಡದ್ದಕ್ಕಿಂತ ಕೆಳಗಿರುತ್ತದೆ. ಪಕ್ಕಕ್ಕೆ ನಿಂತಾಗ ಮುಂಗಾಲಿನ ನೇರ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಮೇಲೆ. ಇನ್ನೊಂದು, ಸಾಫ್ಟ್ ಮತ್ತು ಸಾಲಿಡ್ ಎರಡೂ ಒಂದೇ ಜಾಗಕ್ಕೆ ಬೀಳುತ್ತವಾ ಅಂತ ಅದೇ ಬಂದೂಕಿನಲ್ಲಿ ಐವತ್ತು ಮೀಟರ್‌ಗೆ ಹೊಡೆದು ನೋಡಿ. ಟೇಬಲ್ ಮೇಲೆ ಇಟ್ಟು ಅಲ್ಲ, ಮೂರು ಕೋಲಿನ ಸ್ಟಿಕ್ ಮೇಲೆ, ನಿಂತುಕೊಂಡು.

ಕಾವೇರಿತೀರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. 300 ಗ್ರೇನ್ ಎ-ಫ್ರೇಮ್ ಎರಡು ಪೆಟ್ಟಿಗೆ, ಚಪ್ಪಟೆ ಮೂತಿ ಸಾಲಿಡ್ ಒಂದು ಪೆಟ್ಟಿಗೆ ಹೇಳಿದ್ದೇನೆ. ಶನಿವಾರ ರೇಂಜ್‌ಗೆ ಹೋಗುತ್ತೇನೆ. ಎರಡೂ ಒಂದೇ ಕಡೆ ಬೀಳದಿದ್ದರೆ ಟಾರ್ಗೆಟ್ ಫೋಟೋ ಹಾಕಿ ಮತ್ತೆ ಕೇಳುತ್ತೇನೆ.